ಕಮಲಾಬಾಯಿಯ ಹೆಸರಿಗೆ ಬಂದ ದನಿ

ನಾನು ನಿಂತಿದ್ದದ್ದು ಬಸ್ಸಿನ ಮುಂದಿನ ಬಾಗಿಲ ಕೆಳಗೆ, ನೆಲದ ಮೇಲೆ. ಎಡಗೈಯಲ್ಲಿ ಬಾಗಿಲ ಹಿಡಿಕೆ ಹಿಡಿದಿದ್ದೆ. ಮುಖ ಬಸವಕಲ್ಯಾಣದ ದಿಕ್ಕಿಗಿತ್ತು, ಬೆನ್ನು ಬಾವಿಯ ದಿಕ್ಕಿಗೆ. ಬಾವಿಗೂ ನನಗೂ ನಡುವೆ ಒಂದು ಬೇವಿನ ಮರ, ಹೊಲದ ಒಂದು ಒಡ್ಡು. ಕೊರೋನಾ ಬರುವುದಕ್ಕೆ ಮುಂಚಿನ ಬೇಸಿಗೆ, ಮೇ ತಿಂಗಳು, ಸೂರ್ಯ ಇನ್ನೇನು ನೆತ್ತಿಗೆ ಬರುವ ಹೊತ್ತು. ಸಾಹೇಬರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹಾಜರಿ ಕೂಗುತ್ತಿದ್ದರು. "ಕಮಲಾಬಾಯಿ" ಎಂದರು. ನನ್ನ ಹಿಂದೆ, ಬಲಗಡೆಯಿಂದ, ಒಂದು ಹೆಣ್ಣು ದನಿ "ಹಾಜರ್ರಿ" ಎಂದಿತು. ಸಾಹೇಬರು ಮುಂದಿನ ಹೆಸರಿಗೆ ಹೋದರು.

ಆ ದನಿ ಕಮಲಾಬಾಯಿಯದಾಗಿರಲಿಲ್ಲ. ನನಗೆ ಆಗ ಅದು ಗೊತ್ತಾಗಲಿಲ್ಲ. ಆ ಹೊತ್ತಿಗೆ ಅವರು ಬಾವಿಯ ತಳದಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದರು.

ನಾನು ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಎಲ್ಲೆಲ್ಲಿ ಇದ್ದೆ, ಯಾವಾಗ ಬಡ್ತಿ ಬಂತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಈಚೆಗೆ ನಮ್ಮ ಓಣಿಯ ಹುಡುಗಿಯೊಬ್ಬಳು ಶಿಕ್ಷಕಿಯಾಗಿ ನೇಮಕವಾದಳು. ಮೊದಲ ಬೇಸಿಗೆ ತರಬೇತಿಗೆ ಹೊರಟವಳು ಮನೆಗೆ ಬಂದು, ಏನೇನು ತೆಗೆದುಕೊಂಡು ಹೋಗಬೇಕು ಎಂದು ಕೇಳಿದಳು. ನೀರಿನ ಬಾಟಲಿ, ಬಿಸಿಲಿಗೆ ಒಂದು ಛತ್ರಿ, ಓದಲು ಒಂದು ಪುಸ್ತಕ ಎಂದೆ. ಹೇಳಬೇಕಾಗಿದ್ದದ್ದು ಬೇರೆ. ಹೊಸ ಕೆಲಸದ ಸಂಭ್ರಮದಲ್ಲಿದ್ದವಳಿಗೆ ಬಾಗಿಲಲ್ಲಿ ನಿಂತು ಅದನ್ನು ಹೇಳಲಾಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಕಂಡದ್ದನ್ನು ಕಂಡದ್ದೆಂದೂ, ಬೇರೆಯವರು ಹೇಳಿದ್ದನ್ನು ಹೇಳಿದ್ದೆಂದೂ ಬೇರೆ ಬೇರೆ ಇಡಲು ಪ್ರಯತ್ನಿಸುತ್ತೇನೆ.

ಬೇಸಿಗೆಯೆಂದರೆ ಮಾಸ್ತರರಿಗೆ ಮಲಗುವ ಕಾಲ ಎಂದು ಊರವರು ತಿಳಿದಿರುತ್ತಾರೆ. ನಾನು ಕಟಿಂಗ್ ಮಾಡಿಸುತ್ತಿದ್ದ ಅಂಗಡಿಯವನು ಪ್ರತಿ ಏಪ್ರಿಲ್‌ನಲ್ಲಿ, "ಸರ್, ನಿದ್ದಿ ಮಾಡಾಕ ಪಗಾರ ಕೊಡೋ ನೌಕರಿ ನಿಮ್ದೊಂದೇ ನೋಡ್ರಿ" ಎನ್ನುತ್ತಿದ್ದ. ನಾನು ಉತ್ತರ ಕೊಡುತ್ತಿರಲಿಲ್ಲ, ಕತ್ತರಿ ಅವನ ಕೈಯಲ್ಲಿರುತ್ತಿತ್ತು. ನಿಜವಾಗಿ ನನ್ನ ಬೇಸಿಗೆಗಳು ಮೂರು ಕೆಲಸಗಳಲ್ಲಿ ಕಳೆದವು. ಒಂದು ಓದು. ವರ್ಷವೆಲ್ಲ ಪಠ್ಯಪುಸ್ತಕವನ್ನೇ ಓದಿ ಓದಿ ತಲೆ ಒಣಗಿರುತ್ತಿತ್ತು. ರಜೆ ಬಂದ ಕೂಡಲೇ ಗ್ರಂಥಾಲಯದಿಂದ ಮಣ್ಣು, ಕಲ್ಲು, ಹಕ್ಕಿ, ದೇಹ ಇಂಥವುಗಳ ಮೇಲಿನ ಪುಸ್ತಕ ತಂದು, ನಿರ್ಣಾ ಎಂಬ ನಮ್ಮೂರಿನ ಮನೆಯ ಪಡಸಾಲೆಯಲ್ಲಿ ಕೂತು ಓದುತ್ತಿದ್ದೆ. ಇನ್ನೊಂದು ತಿರುಗಾಟ. ದೂರವೇನೂ ಅಲ್ಲ, ಓದಿದ ಕಲ್ಲು ನಮ್ಮ ಕಡೆ ಎಲ್ಲಿ ಸಿಗುತ್ತದೆ ಎಂದು ನೋಡಿಕೊಂಡು ಬರುವುದು. ಮೂರನೆಯದು ತರಬೇತಿ.

ತರಬೇತಿಗಳು ನನ್ನ ಕಣ್ಣೆದುರೇ ಬದಲಾದವು. ಮೊದಮೊದಲು ಒಬ್ಬರು ಕುರ್ಚಿಯಲ್ಲಿ ಕೂತು ಸುತ್ತೋಲೆ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಆಮೇಲೆ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಗುಂಪು ಚರ್ಚೆ ಬಂದವು. ಆಮೇಲೆ ಪ್ರೊಜೆಕ್ಟರ್ ಬಂತು. ಕರೆಂಟ್ ಹೋದರೆ ಜ್ಞಾನವೂ ಹೋಗುತ್ತಿತ್ತು. ಬದಲಾಗದೆ ಉಳಿದದ್ದು ಹಾಜರಿ. ಬೆಳಿಗ್ಗೆ ಒಮ್ಮೆ, ಊಟದ ಮುಂಚೆ ಒಮ್ಮೆ, ಸಂಜೆ ಒಮ್ಮೆ ಹೆಸರು ಕೂಗುವುದು.

ಹಾಜರಿ ಇದ್ದಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ರೂಢಿಯೂ ಇತ್ತು. ಹೊರಗಿನವರಿಗೆ ಅದು ಗೊತ್ತಿಲ್ಲ, ಒಳಗಿನವರು ಬರೆಯುವುದಿಲ್ಲ. ನಾವು ಅದಕ್ಕೆ 'ದನಿ ಕೊಡೋದು' ಎನ್ನುತ್ತಿದ್ದೆವು. ಮೇ ತಿಂಗಳು ಮದುವೆಗಳ ಕಾಲ. ಯಾರದೋ ಮನೆಯಲ್ಲಿ ನಿಶ್ಚಯ, ಯಾರದೋ ಮಗುವಿಗೆ ಜ್ವರ. ಅನುಮತಿ ಕೇಳಿದರೆ ಸಿಗುತ್ತಿರಲಿಲ್ಲ. ಅಂಥವರು ಊಟದ ಹೊತ್ತಿಗೆ ಮೆಲ್ಲಗೆ ಹೋಗುವರು. ಅವರ ಹೆಸರು ಕರೆದಾಗ ಪಕ್ಕದವರು ದನಿ ಕೊಡುವರು. ಇದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಇಂದು ನಾನು ನಿನಗೆ, ನಾಳೆ ನೀನು ನನಗೆ. ಒಮ್ಮೆ ದೈಹಿಕ ಶಿಕ್ಷಕರೊಬ್ಬರು ನಿದ್ದೆಗಣ್ಣಿನಲ್ಲಿ ಒಬ್ಬ ಮೇಡಂ ಹೆಸರಿಗೆ ತಮ್ಮ ಗಡಸು ದನಿಯಲ್ಲಿ "ಹಾಜರ್" ಎಂದುಬಿಟ್ಟರು. ಸಭಾಂಗಣವೆಲ್ಲ ನಕ್ಕಿತು, ಹಾಜರಿ ಕೂಗುತ್ತಿದ್ದವರೂ ನಕ್ಕರು. ನಾವು ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದೆವು.

ಆ ಬೇಸಿಗೆಯ ತರಬೇತಿ ಹುಮನಾಬಾದಿನಲ್ಲಿತ್ತು. ಪ್ರಾಥಮಿಕ, ಪ್ರೌಢ ಎರಡೂ ಶಾಲೆಗಳವರು ಸೇರಿದ್ದರು. ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದೊಯ್ದು ಸುತ್ತಲಿನ ನೆಲ, ನೀರು, ಕಟ್ಟಡಗಳಿಂದ ಪಾಠ ಮಾಡುವುದು ಹೇಗೆ ಎಂಬುದು ವಿಷಯ. ಕಲಿಸಲು ಬಂದವರು ಪ್ರವೀಣ ಎಂಬ ತರುಣ, ಬೇರೆ ಜಿಲ್ಲೆಯವರು. ಉಸ್ತುವಾರಿ ನೋಡುತ್ತಿದ್ದ ಅಧಿಕಾರಿಯನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಇಲ್ಲೂ ಹಾಗೆಯೇ ಕರೆಯುತ್ತೇನೆ. ಬಿಗಿ ಮನುಷ್ಯ. ಮೇಲಿನವರು ಅವರನ್ನು ಹಾಗೆಯೇ ಬಿಗಿಯುತ್ತಿದ್ದರು ಎಂಬುದೂ ನಿಜ.

ಪ್ರವೀಣ ಅವರ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಗದ್ದಲವಾದಾಗ ಅವರು ದನಿ ಏರಿಸುತ್ತಿರಲಿಲ್ಲ. ಕೈಯೆತ್ತಿ ಚಪ್ಪಾಳೆ ಹೊಡೆಯುವರು: ನಿಧಾನವಾಗಿ ಎರಡು, ಬೇಗ ಬೇಗ ಮೂರು. ಕೇಳಿದವರೆಲ್ಲ ಮಾತು ನಿಲ್ಲಿಸಿ ಅದೇ ತಾಳದಲ್ಲಿ ಮರುಚಪ್ಪಾಳೆ ಹೊಡೆಯಬೇಕು. ಮಕ್ಕಳ ತರಗತಿಯ ಪದ್ಧತಿ ಅದು. ತಲೆ ನರೆತ ನಮಗೆ ಮೊದಲು ನಾಚಿಕೆಯಾಯಿತು. ಕಮಲಾಬಾಯಿ ನನ್ನ ಹಿಂದಿನ ಬೆಂಚಿನಿಂದ, "ಮಾಣಿಕ ಸರ್, ನಮ್ಮನ್ನ ಮತ್ತ ಒಂದನೇತ್ತಕ್ಕ ಹಚ್ಯಾರ ನೋಡ್ರಿ" ಎಂದದ್ದು ನೆನಪಿದೆ. ಆದರೆ ಎಲ್ಲರಿಗಿಂತ ಮೊದಲು ಮರುಚಪ್ಪಾಳೆ ಹೊಡೆಯುತ್ತಿದ್ದವರೂ ಅವರೇ.

ಕಮಲಾಬಾಯಿ ಮುಡಬಿಯವರು. ಅಲ್ಲೇ ಹತ್ತಿರದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದರು. ಕೂಲಿ ಮಾಡುವ ಬೌದ್ಧ ಮನೆತನದಲ್ಲಿ ಹುಟ್ಟಿ, ಆ ಮನೆತನದಲ್ಲಿ ಮೊದಲು ನೌಕರಿಗೆ ಬಂದವರು. ಕುಳ್ಳಗೆ, ತೆಳ್ಳಗೆ ಇದ್ದರು. ಸಕ್ಕರೆ ಕಾಯಿಲೆ ಇತ್ತು, ಹೊತ್ತಿಗೆ ಸರಿಯಾಗಿ ತಿನ್ನಬೇಕಿತ್ತು. ಅವರ ಜೊತೆಗಾರ್ತಿ ಸುನಂದಾ, ಪಕ್ಕದ ಊರಿನ ಶಾಲೆಯವರು. ಇಬ್ಬರೂ ಒಂದೇ ಬೆಂಚು, ಒಂದೇ ಬುತ್ತಿ.

ತರಬೇತಿಯ ಭಾಗವಾಗಿ ಹಳೆಯ ಬಾವಿಯೊಂದನ್ನು ನೋಡಲು ಹೋಗುವ ಹಿಂದಿನ ದಿನ ಕಮಲಾಬಾಯಿ ಸಾಹೇಬರ ಬಳಿ ಅನುಮತಿ ಕೇಳಿದ್ದನ್ನು ನಾನು ಕಂಡಿದ್ದೇನೆ. ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಮುಡಬಿಗೆ ಬರುವವರಿದ್ದರು. ಬಾವಿಯಿರುವುದು ಅದೇ ರಸ್ತೆಯಲ್ಲಿ. ಬಾವಿ ನೋಡಿದ ಮೇಲೆ ಅಲ್ಲಿಂದಲೇ ಊರಿಗೆ ಹೋಗಲೇ ಎಂದು ಕೇಳಿದರು. ಸಾಹೇಬರು ತಲೆಯೆತ್ತದೆ, "ಎಲ್ಲಾರ ಮನ್ಯಾಗೂ ಏನರೆ ಇದ್ದೇ ಇರ್ತದ ಬಾಯಾರ. ತರಬೇತಿ ಗ್ವಾಡಿಗಿ ಕೊಡ್ಲೇನು?" ಎಂದರು. ಕಮಲಾಬಾಯಿ ಬಂದು ಬೆಂಚಿನಲ್ಲಿ ಕೂತರು.

ಮರುದಿನ ಬಸ್ಸಿನಲ್ಲಿ ಅವರು ಸುನಂದಾರಿಗೆ ಏನು ಹೇಳಿದರೆಂದು ನಾನು ಕೇಳಿಲ್ಲ. ಸುನಂದಾ ಆಮೇಲೆ ಹೇಳಿದ್ದು ಇದು: ಆದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ, ಹೋದರೆ ನೀನು ನೋಡಿಕೋ ಎಂದಿದ್ದರಂತೆ. 'ನೋಡಿಕೋ' ಎಂದರೆ ಏನೆಂದು ನಮಗೆಲ್ಲ ಗೊತ್ತು.

ಬಾವಿ ರಸ್ತೆಗೆ ಹತ್ತಿರವೇ ಇತ್ತು. ಕಪ್ಪು ಕಲ್ಲಿನ ಹಳೆಯ ಮೆಟ್ಟಿಲು ಬಾವಿ. ಮೇಲೆ ಅಗಲ, ಕೆಳಗಿಳಿದಂತೆ ಕಿರಿದು. ಅರ್ಧದಲ್ಲಿ ಒಂದು ಕಮಾನು. ಕಮಾನು ದಾಟಿದರೆ ಮೆಟ್ಟಿಲು ಎಡಕ್ಕೆ ತಿರುಗುತ್ತದೆ. ಮೇಲೆ ನಿಂತವರಿಗೆ ಅದರಾಚೆ ಏನೂ ಕಾಣುವುದಿಲ್ಲ. ತಳದಲ್ಲಿ ಹಸಿರು ನೀರು ಸ್ವಲ್ಪ ಇತ್ತು. ಅಳೆಯಲೆಂದು ನಾವು ಶಾಲೆಯ ಕಟ್ಟಿಗೆಯ ಮೀಟರ್ ಪಟ್ಟಿಗಳನ್ನೂ ಕೂರಲು ಜಮಖಾನೆಯನ್ನೂ ತಂದಿದ್ದೆವು. ಚೀಲಗಳು ಬಸ್ಸಿನಲ್ಲೇ ಇದ್ದವು, ಡ್ರೈವರ್ ಖಾಜಾಮಿಯಾ ಕಾಯುತ್ತಿದ್ದರು.

ಪ್ರವೀಣ ನಮಗೆ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಮಗುವೊಂದು ಇಲ್ಲಿ ಕೇಳಬಹುದಾದ ಒಂದು ಪ್ರಶ್ನೆ ಯೋಚಿಸಬೇಕು, ಅದಕ್ಕೆ ಉತ್ತರವನ್ನು ಮಾತಿನಲ್ಲಲ್ಲ, ಇಲ್ಲಿ ಸಿಗುವ ವಸ್ತುವಿನಲ್ಲಿ ತೋರಿಸಬೇಕು. ಕೆಲವರು ಕಲ್ಲು ಆರಿಸಿದರು. ನಾನು ಗೋಡೆಯ ಸುಣ್ಣದ ಪುಡಿ ಕೆರೆದುಕೊಂಡೆ. ಹಲವರು ಮರದ ನೆರಳಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಕಮಲಾಬಾಯಿ ಕಮಾನಿನ ತನಕ ಇಳಿದು ಮೇಲೆ ಬಂದದ್ದನ್ನು ನಾನು ಕಂಡೆ. ಅವರು ಎರಡನೇ ಸಲ ಇಳಿದದ್ದನ್ನು ಕಾಣಲಿಲ್ಲ. ಯಾರೂ ಕಾಣಲಿಲ್ಲ. ಆ ಹೊತ್ತಿಗೆ ಬಿಸಿಲು ತಾಳಲಾರದೆ ಎಲ್ಲರೂ ಬಸ್ಸಿನ ಕಡೆ ಹೊರಟಿದ್ದೆವು.

ಆಗಲೇ ಮುಡಬಿಯ ಕಡೆ ಹೋಗುವ ಶೇರ್ ಆಟೋ ಒಂದು ಬೇವಿನ ಮರದ ಬಳಿ ನಿಂತು ಹೋಯಿತು. ಆಟೋ ನಿಂತದ್ದು ನನಗೂ ಗೊತ್ತು. ಹಸಿರು ಸೀರೆಯ ಹೆಂಗಸೊಬ್ಬರು ಅದನ್ನು ಹತ್ತಿದ್ದನ್ನು ಸುನಂದಾ ಹಿಂದಿನಿಂದ ಕಂಡರಂತೆ. ಕಮಲಾಬಾಯಿ ಅಂದು ಹಸಿರು ಸೀರೆಯಲ್ಲಿದ್ದರು.

ಆಮೇಲೆ ಹಾಜರಿ. ಆಮೇಲೆ ಆ ದನಿ. ಕೊನೆಯ ಹೆಸರು ಮುಗಿಯುವ ಮೊದಲೇ ಖಾಜಾಮಿಯಾ ಎಂಜಿನ್ ಚಾಲೂ ಮಾಡಿದರು. ಬಾವಿಯ ಕಡೆಯಿಂದ ಏನಾದರೂ ಕೇಳಿಸಿತೇ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ನನಗೆ ಕೇಳಿಸಲಿಲ್ಲ. ದನಿ ಬರಲೇ ಇಲ್ಲ ಎಂದು ಮಾತ್ರ ನಾನು ಹೇಳಲಾರೆ.

ಬಸವಕಲ್ಯಾಣದಲ್ಲಿ ಊಟಕ್ಕೆ ನಿಂತೆವು. ಹೊರಗೆ ಕೈ ತೊಳೆಯುತ್ತಿದ್ದಾಗ ಖಾಜಾಮಿಯಾ ಬಸ್ಸಿನ ಕಿಟಕಿಯಿಂದ ಕರೆದು, ಮೇಲಿಟ್ಟ ಚೀಲವೊಂದರಲ್ಲಿ ಫೋನ್ ಒಂದೇ ಸಮ ಬಡಿದುಕೊಳ್ಳುತ್ತಿದೆ, ಯಾರದು ನೋಡಿ ಎಂದರು. ಹತ್ತಿರ ಇದ್ದವನು ನಾನು. ನೀಲಿ ಬಟ್ಟೆಯ ಚೀಲ. ಫೋನ್ ತೆಗೆದು "ಹಲೋ" ಎಂದೆ. ಹೆಂಗಸೊಬ್ಬರು, "ಕಮಲಾ ಎಲ್ಲಿ ಅದಾಳ್ರಿ? ಮಂದಿ ಬಂದು ಕುಂತಾರ, ಈಕಿ ಇನ್ನಾ ಬಂದಿಲ್ಲ" ಎಂದರು. ಅವರು ಕಮಲಾಬಾಯಿಯ ಅಕ್ಕ.

ನಾನು ಚೀಲ, ಫೋನ್ ಎರಡನ್ನೂ ಹಿಡಿದು ಸಾಹೇಬರ ಬಳಿಗೆ ಹೋದೆ. ಅವರು ಊಟದ ಮುಂದಿದ್ದರು. ಕಮಲಾಬಾಯಿ ಎಲ್ಲಿ ಎಂದು ಕೇಳಿದೆ. ಬಸ್ಸಿನಲ್ಲಿ ಬಂದಿದ್ದಾರೆ, ಇಲ್ಲೇ ಎಲ್ಲೋ ಇರಬೇಕು, ಹಾಜರಿ ಆಗಿದೆಯಲ್ಲ ಎಂದರು. ಅವರ ಮಾತು ತಪ್ಪಲ್ಲ. ಹಾಜರಿಯ ಪ್ರಕಾರ ಅವರು ಬಸ್ಸಿನಲ್ಲಿದ್ದರು. ಅದಕ್ಕಾಗಿ ನಾವು ಅವರನ್ನು ಅಲ್ಲೇ ಹುಡುಕಿದೆವು. ಹೋಟೆಲಿನ ಹಿಂದೆ, ಶೌಚಾಲಯದ ಕಡೆ, ಔಷಧಿ ಅಂಗಡಿಯಲ್ಲಿ, ಬಸ್ಸಿನ ಸೀಟುಗಳ ಸಾಲಿನಲ್ಲಿ. ಎಲ್ಲಿ ಇರಲಿಲ್ಲವೋ ಅಲ್ಲಿ ಹುಡುಕುತ್ತ ಹೊತ್ತು ಕಳೆದೆವು. ಇದನ್ನು ಹೊಸಬರು ಗಮನಿಸಬೇಕು. ಅವರು ಕಾಣೆಯಾಗಿದ್ದಾರೆ ಎಂದು ಗೊತ್ತಿದ್ದರೆ ನೇರ ಬಾವಿಗೆ ಹೋಗುತ್ತಿದ್ದೆವು.

ಚೀಲವನ್ನು ಟೇಬಲ್ಲಿನ ಮೇಲಿಟ್ಟೆ. ಬಾಯಿ ತೆರೆದಿತ್ತು. ಮೇಲೆಯೇ ಸಕ್ಕರೆ ಕಾಯಿಲೆಯ ಗುಳಿಗೆಯ ಪಟ್ಟಿ, ಕೆಳಗೆ ಬಿಚ್ಚದ ಬುತ್ತಿ. ಸುನಂದಾ ಅದನ್ನು ನೋಡಿದರು. ಅವರ ಕೈಯಲ್ಲಿ ರೊಟ್ಟಿಯ ತುಣುಕು ಇತ್ತು. ಅದನ್ನು ಇಡಲೂ ಇಲ್ಲ, ತಿನ್ನಲೂ ಇಲ್ಲ. ಸುತ್ತ ಕೂತವರಲ್ಲಿ ಹಲವರಿಗೆ ಆ ಹೊತ್ತಿಗೆ ಹೊಳೆದಿರಬೇಕು, ಯಾರೋ ದನಿ ಕೊಟ್ಟಿದ್ದಾರೆ ಎಂದು. ಒಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಒಬ್ಬರ ನೌಕರಿಗೆ ಕುತ್ತು ಬರುತ್ತಿತ್ತು. ಮಾತಾಡದಿದ್ದರೆ ಏನು ಬರುತ್ತಿತ್ತು ಎಂಬುದು ಇನ್ನೂ ಗೊತ್ತಿರಲಿಲ್ಲ.

ಸುನಂದಾ ಎದ್ದು ನಿಂತರು. ಸಾಹೇಬರ ಮುಖ ನೋಡಿಯೇ ಹೇಳಿದರು:

"ಆಕಿ ಬಸ್ ಹತ್ತೇ ಇಲ್ರಿ ಸಾಹೇಬ್ರ. ನಾ ದನಿ ಕೊಟ್ಟೆರಿ. ಮುಡಬಿಗಿ ಹೋದ್ಳು ಅಂತ ತಿಳ್ಕೊಂಡೆ. ಚೀಲ ಬಿಟ್ಟು ಹೋಗಾಕಿ ಅಲ್ರಿ ಆಕಿ."

ಸಾಹೇಬರು ಕೈ ತೊಳೆಯದೆ ಎದ್ದರು. ಮುಡಬಿಯವರಿಗೆ, ಹುಮನಾಬಾದಿಗೆ, ಪೊಲೀಸರಿಗೆ ಮೊದಲು ಫೋನ್ ಮಾಡೋಣ, ಆಮೇಲೆ ಹೊರಡೋಣ ಎಂದರು. ಖಾಜಾಮಿಯಾ ಆಗಲೇ ಬಸ್ಸಿನಲ್ಲಿದ್ದರು.

"ಫೋನ್ ಹಾದ್ಯಾಗ ಮಾಡ್ರಿ ಸಾಬ್. ಜಲ್ದಿ ಹತ್ರಿ" ಎಂದರು.

ಅರ್ಧ ಜನ ಹತ್ತಿದೆವು, ಉಳಿದವರು ಹೋಟೆಲಿನಲ್ಲೇ ಉಳಿದರು. ಹೋಗುವ ದಾರಿಯಲ್ಲಿ ನಾನು ಹೊರಗೆ ನೋಡುತ್ತಿದ್ದೆ. ಹೊಲಗಳು ಖಾಲಿ. ಉಳುಮೆಯಾದ ಕರಿ ನೆಲದ ಮೇಲೆ ಗಾಳಿ ಬಿಸಿಯಾಗಿ ನಡುಗುತ್ತಿತ್ತು. ಒಂದು ದನವೂ ಹೊರಗಿರಲಿಲ್ಲ. ಸುನಂದಾ ನನ್ನ ಎದುರಿನ ಸೀಟಿನಲ್ಲಿ ಕಮಲಾಬಾಯಿಯ ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಳುತ್ತಿರಲಿಲ್ಲ. ಆ ಸೀರೆ ಹಸಿರೇ ಇತ್ತು ಎಂದು ಒಂದು ಸಲ ಅಂದರು, ಯಾರಿಗೆಂದು ಗೊತ್ತಿಲ್ಲ.

ಬಾವಿಯ ಮೇಲ್ಗಟ್ಟೆಯಲ್ಲಿ ನಿಂತು ಎಲ್ಲರೂ ಹೆಸರು ಹಿಡಿದು ಕೂಗಿದೆವು. ಒಬ್ಬರ ಕೂಗು ಇನ್ನೊಬ್ಬರದರ ಮೇಲೆ ಬೀಳುತ್ತಿತ್ತು, ಗೋಡೆಗಳು ಅದನ್ನು ಮರಳಿ ಎಸೆಯುತ್ತಿದ್ದವು. ಪಾರಿವಾಳಗಳು ಎದ್ದವು. ಉತ್ತರ ಬಂದಿದ್ದರೂ ಕೇಳುತ್ತಿರಲಿಲ್ಲ. ಪ್ರವೀಣ ಎರಡೂ ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಸುಮ್ಮನಾದೆವು.

ಪಾರಿವಾಳಗಳ ರೆಕ್ಕೆಯ ಸದ್ದು ನಿಂತ ಮೇಲೆ ಕೆಳಗಿನಿಂದ ಕಲ್ಲಿಗೆ ಕಲ್ಲು ತಾಗಿದ ಸದ್ದು ಬಂತು. ನಿಧಾನವಾಗಿ ಎರಡು. ಸ್ವಲ್ಪ ತಡೆದು, ಬೇಗ ಬೇಗ ಮೂರು.

ಯಾರೂ ಹೇಳಿಕೊಡಲಿಲ್ಲ. ನಮ್ಮ ಕೈಗಳು ತಾವೇ ಎದ್ದವು. ಅಲ್ಲಿದ್ದ ನಾವೆಲ್ಲರೂ, ಸಾಹೇಬರೂ ಸೇರಿ, ಅದೇ ತಾಳದಲ್ಲಿ ಮರುಚಪ್ಪಾಳೆ ಹೊಡೆದೆವು. ಕೆಳಗಿನಿಂದ ಮತ್ತೆ ಬಂತು, ಈ ಸಲ ಇನ್ನೂ ಮೆಲ್ಲಗೆ. ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಎಲ್ಲಾದರೂ ತರಗತಿಯ ಕಿಟಕಿಯಿಂದ ಆ ಚಪ್ಪಾಳೆ ಕೇಳಿದರೆ ನಾನು ರಸ್ತೆಯಲ್ಲಿ ನಿಂತುಬಿಡುತ್ತೇನೆ.

ಸಾಹೇಬರು ಬೂಟು ಬಿಚ್ಚಿ ಎಲ್ಲರಿಗಿಂತ ಮುಂಚೆ ಇಳಿದರು. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಅವರ ಹಿಂದೆ ಪ್ರವೀಣ, ನಾನು, ಸುನಂದಾ. ಕಮಾನು ದಾಟಿ ಎಡಕ್ಕೆ ತಿರುಗಿದ ಕೂಡಲೇ ಕೆಳಗೆ ನೀರಿನ ಅಂಚಿನಲ್ಲಿ ಕಮಲಾಬಾಯಿ ಕಂಡರು. ಮೆಟ್ಟಿಲ ಕಲ್ಲೊಂದು ಬುಡಸಮೇತ ಕಿತ್ತು ಬಂದು ಅವರ ಬಲಗಾಲಿನ ಮೇಲೆ ಕೂತಿತ್ತು. ಸೊಂಟದಿಂದ ಮೇಲಿನ ಮೈ ಕೆಳಗಿನ ಮೆಟ್ಟಿಲ ಮೇಲೆ, ತಲೆ ನೀರಿನ ಕಡೆಗೆ. ಎಡಗೈಯಲ್ಲಿ ಗೋಡೆಯ ಬಿರುಕು ಹಿಡಿದು ತಲೆಯನ್ನು ನೀರಿನಿಂದ ಮೇಲೆ ಇಟ್ಟುಕೊಂಡಿದ್ದರು. ಬಲಗೈಯಲ್ಲಿ ಒಂದು ಕಲ್ಲು. ಮೈಯೆಲ್ಲ ಬೆವರು. ಕಣ್ಣು ತೆರೆದಿದ್ದವು, ಆದರೆ ನಮ್ಮನ್ನು ಗುರುತಿಸಿದಂತೆ ಕಾಣಲಿಲ್ಲ. ಬಾವಿಯ ತಂಪು ಇಲ್ಲದಿದ್ದರೆ, ಮೇಲೆ ಬಿಸಿಲಲ್ಲಿ ಬಿದ್ದಿದ್ದರೆ, ಅಷ್ಟು ಹೊತ್ತು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಆ ಬೇಸಿಗೆಯಲ್ಲಿ ನಾನು ಓದಿದ್ದ ಪುಸ್ತಕಗಳಲ್ಲಿ ಪ್ರಥಮ ಚಿಕಿತ್ಸೆಯದೂ ಒಂದು. ಮಕ್ಕಳಿಗೆ ಪಾಠ ಮಾಡಲೆಂದು ಓದಿದ್ದೆ. ಎಳೆಯಬಾರದು, ಮೊದಲು ಭಾರ ತೆಗೆಯಬೇಕು, ಮುರಿದ ಕಾಲನ್ನು ಅಲುಗದಂತೆ ಕಟ್ಟಬೇಕು ಎಂಬುದು ನೆನಪಾಯಿತು. ಸಾಹೇಬರು ಮತ್ತು ಪ್ರವೀಣ ಕಲ್ಲಿಗೆ ಕೈ ಹಾಕಿದರು. ಅದನ್ನು ಎತ್ತಿದರೆ ಅದರ ಮೇಲಿನ ಕಲ್ಲು ಜಾರುತ್ತದೋ ಏನೋ ಎಂಬ ಭಯ ಇತ್ತು. ಸುನಂದಾ ನೀರಿಗಿಳಿದು ಕಮಲಾಬಾಯಿಯ ತಲೆಯನ್ನು ತಮ್ಮ ತೋಳಿನ ಮೇಲೆ ತೆಗೆದುಕೊಂಡರು. ಸಾಹೇಬರು ಉಸಿರು ಬಿಗಿಹಿಡಿದು ಎತ್ತಿದರು. ಮೇಲಿನ ಕಲ್ಲು ಅಲುಗಿತು. ಮಣ್ಣು ಉದುರಿ ನೀರಿಗೆ ಬಿತ್ತು. ಕಲ್ಲು ಅಲ್ಲೇ ನಿಂತಿತು. ಮೀಟರ್ ಪಟ್ಟಿ ಕೆಳಗೆ ತರಿಸಿ, ಎರಡು ಕಡೆ ಇಟ್ಟು, ಸುನಂದಾರ ಸೆರಗು ಹರಿದು ಕಟ್ಟಿದೆ.

ಅಷ್ಟರಲ್ಲಿ ಪಕ್ಕದ ಹೊಲದ ಮನೆಯಿಂದ ಗುಂಡಮ್ಮ ಎಂಬ ಹೆಣ್ಣುಮಗಳು ಗಂಡನ ಜೊತೆ ಓಡಿ ಬಂದಿದ್ದರು. ಸಕ್ಕರೆ ಕಾಯಿಲೆಯವರು, ಬೆಳಗಿನಿಂದ ಏನೂ ತಿಂದಿಲ್ಲ, ಸಕ್ಕರೆ ಇಳಿದಿರಬೇಕು ಎಂದು ಸುನಂದಾ ಕೆಳಗಿನಿಂದ ಕೂಗಿ ಹೇಳಿದ್ದು ಕೇಳಿ ಬೆಲ್ಲದ ನೀರು ತಂದರು. ಸುನಂದಾ ಅದನ್ನು ಹನಿ ಹನಿಯಾಗಿ ತುಟಿಗೆ ಹಚ್ಚಿದರು. ಕಮಲಾಬಾಯಿ ನುಂಗಿದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಸುನಂದಾರ ಮೇಲೆ ನಿಂತವು. ಜಮಖಾನೆಯಲ್ಲಿ ಮಲಗಿಸಿ, ಮೂಲೆಗಳನ್ನು ಹಿಡಿದು, ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡವಿ ನೋಡುತ್ತ ಮೇಲೆ ತಂದೆವು.

ಬಸ್ಸಿನಲ್ಲಿ ಮಲಗಿಸುವಾಗ ಅವರ ಸೆರಗಿನ ತುದಿಯಲ್ಲಿ ಗಂಟೊಂದು ಕಂಡಿತು. ಅದರಲ್ಲಿ ಶಂಖದ ಹುಳುಗಳ ಒಣ ಚಿಪ್ಪುಗಳಿದ್ದವು, ಬೆರಳ ತುದಿಯಷ್ಟು ದೊಡ್ಡವು. ನೀರು ಒಂದು ಕಾಲಕ್ಕೆ ಎಲ್ಲಿಯ ತನಕ ಬರುತ್ತಿತ್ತು ಎಂದು ಮಗು ಕೇಳಿದರೆ ತೋರಿಸಲು ಅವರು ಗೋಡೆಯ ಸಂದಿಗಳಿಂದ ಆರಿಸಿದ್ದರು. ಒಂದು ಕಡೆಯವು ಸಾಕಾಗದೆ ಇನ್ನೂ ಕೆಳಗಿನ ಚಿಪ್ಪುಗಳಿಗಾಗಿ ಮತ್ತೆ ಇಳಿದಿದ್ದರಂತೆ.

ಆಸ್ಪತ್ರೆಗೆ ಸೇರಿಸಿದ ಮೇಲೆ ವರದಿಯ ಮಾತು ಬಂತು. ಕಮಲಾಬಾಯಿ ಹೇಳದೆ ಗುಂಪು ಬಿಟ್ಟು ಊರಿಗೆ ಹೊರಟಿದ್ದರು ಎಂದು ಬರೆದರೆ ಬಿದ್ದದ್ದು ಅವರ ಸ್ವಂತ ತಪ್ಪು. ಕೊಟ್ಟ ಕೆಲಸ ಮಾಡುತ್ತ ಬಿದ್ದರು ಎಂದರೆ ಕರ್ತವ್ಯದಲ್ಲಿ ಆದ ಪೆಟ್ಟು. ರಜೆ, ಚಿಕಿತ್ಸೆ ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿದ್ದವು. ಸಾಹೇಬರಿಗೆ ಮೇಲಿನಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. ಅವರು ಮೊದಲನೆಯ ರೀತಿಯಲ್ಲೇ ಬರೆಯಲು ಹೊರಟರು. ಅನುಮತಿ ಕೇಳಿದ್ದರಲ್ಲ, ಹೋಗುವ ಮನಸ್ಸು ಇತ್ತಲ್ಲ ಎಂಬುದು ಅವರ ವಾದ.

ನನ್ನ ಹೇಳಿಕೆಯಲ್ಲಿ ನಾನು ಕಂಡದ್ದನ್ನು ಬರೆದೆ. ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಸೆರಗಿನಲ್ಲಿ ಚಿಪ್ಪುಗಳಿದ್ದವು, ಚೀಲ ಬಸ್ಸಿನಲ್ಲಿತ್ತು, ಬಿದ್ದದ್ದು ಬಾವಿಯ ಒಳಗೆ, ಮುಡಬಿಯ ರಸ್ತೆಯಲ್ಲಿ ಅಲ್ಲ. ಸಾಹೇಬರು ಅದನ್ನು ಎರಡು ಸಲ ಓದಿದರು. ಕಲ್ಲು ಎತ್ತಿದಾಗ ಸುಲಿದಿದ್ದ ಅವರ ಅಂಗೈಗೆ ಬಟ್ಟೆ ಸುತ್ತಿತ್ತು. "ಚಿಪ್ಪು ನಾನೂ ನೋಡೀನಿ, ಮಾಣಿಕರ" ಎಂದರು. ಎರಡನೆಯ ರೀತಿಯಲ್ಲೇ ಬರೆದರು. ಸುನಂದಾರ ಮೇಲೆ ಮಾತ್ರ ಕ್ರಮವಾಯಿತು. ಅವರು ಅದನ್ನು ಒಪ್ಪಿಕೊಂಡರು.

ನಾವು ನೋಡಲು ಹೋದಾಗ ಕಮಲಾಬಾಯಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಸುನಂದಾ ಬಾಗಿಲಲ್ಲೇ ನಿಂತರು. ಕಮಲಾಬಾಯಿ ಅವರನ್ನು ನೋಡಿ, "ಬಾ, ಕೂಡು. ನಾ ಏನ್ ಕಚ್ಚಂಗಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದರು. ಅದನ್ನು ನಾನು ಅಕ್ಷರ ಬಿಡದೆ ಬರೆಯುತ್ತೇನೆ.

"ಹೆಸರು ಕರೆದದ್ದು ನನಗ ಕೇಳ್ಸಿತ್ರಿ ಸರ್. ಒಬ್ಬೊಬ್ಬರದೂ ಕೇಳಾಕತ್ತಿತ್ತು. ನಂದು ಬಂದಾಗ ನಾನೂ ಹಾಜರ್ರಿ ಅಂದೆ. ಅನ್ನೋದ್ರಾಗ ಮ್ಯಾಲಿಂದ ಇನ್ನೊಂದು ಹಾಜರ್ರಿ ಬಂತು. ಆಮ್ಯಾಲೆ ಗಾಡಿ ಚಾಲೂ ಆತು."

ಸುನಂದಾ ಮಂಚದ ಅಂಚು ಹಿಡಿದುಕೊಂಡರು. ಕಮಲಾಬಾಯಿ ಅವರ ಕೈ ಮೇಲೆ ಕೈಯಿಟ್ಟು, "ನಾ ನಿನಗೂ ಎಷ್ಟು ಸಲ ಕೊಟ್ಟೀನಿ, ಲೆಕ್ಕ ಇಟ್ಟೀಯೇನು? ಅಳಬ್ಯಾಡ" ಎಂದರು. ಆಮೇಲೆ ಅಳಲು ಶುರು ಮಾಡಿದ್ದು ತಾವೇ.

ಹೊಸದಾಗಿ ಸೇರಿದ ಹುಡುಗಿಗೆ ಹೇಳಬೇಕಾಗಿದ್ದದ್ದು ಇದು. ಮುಂದಿನ ಬೇಸಿಗೆಗಳಲ್ಲಿ ನಮ್ಮ ಕಡೆಯ ಹೊರಸಂಚಾರಗಳಲ್ಲಿ ಹೆಸರು ಕೂಗುವುದು ನಿಂತಿತು. ಜೋಡಿ ಮಾಡುವುದು ಬಂತು. ಹತ್ತುವಾಗ ಪ್ರತಿಯೊಬ್ಬರೂ ತಮ್ಮ ಜೋಡಿಯ ಕೈ ಹಿಡಿದು ತೋರಿಸಬೇಕು. ಮಕ್ಕಳಿಗೆ ನಾವು ಮೊದಲಿನಿಂದಲೂ ಹಾಗೆಯೇ ಮಾಡುತ್ತಿದ್ದೆವು, ನಮಗೆ ಮಾತ್ರ ಬೇಡವೆಂದಿದ್ದೆವು. ನಿನ್ನ ಜೊತೆಗಾರ್ತಿಗೆ ಮನೆಗೆ ಹೋಗಬೇಕಾಗಿದ್ದರೆ ಅವಳ ಜೊತೆ ನಿಂತು ಅಧಿಕಾರಿಯ ಬಳಿ ಜಗಳವಾಡು, ಹತ್ತು ಜನರನ್ನು ಕರೆದುಕೊಂಡು ಹೋಗು. ಅವಳ ಹೆಸರಿಗೆ ನೀನು ಉತ್ತರ ಕೊಡಬೇಡ.

ಇದನ್ನು ಕಂಡವರಲ್ಲಿ ಸಾಹೇಬರು ಈಗಿಲ್ಲ, ಕೊರೋನಾದಲ್ಲಿ ಹೋದರು. ಗುಂಡಮ್ಮನ ಗಂಡನೂ ಇಲ್ಲ. ಖಾಜಾಮಿಯಾ ಹುಮನಾಬಾದಿನಲ್ಲಿದ್ದಾರೆ, ಗಾಡಿ ಬಿಟ್ಟಿದ್ದಾರೆ. ಪ್ರವೀಣ ತಮ್ಮ ಜಿಲ್ಲೆಯಲ್ಲೇ ಕಲಿಸುತ್ತಿದ್ದಾರೆ. ಗುಂಡಮ್ಮ ಅದೇ ಹೊಲದ ಮನೆಯಲ್ಲಿದ್ದಾರೆ. ಸುನಂದಾ ಬಸವಕಲ್ಯಾಣದಲ್ಲಿದ್ದಾರೆ, ಈ ಬರಹವನ್ನು ಮೊದಲು ಅವರಿಗೆ ಓದಿ ಹೇಳಿದೆ. ಒಂದು ಕಡೆಯೂ ತಿದ್ದಲಿಲ್ಲ. ಇವರೆಲ್ಲ ಮೇಲಿನಿಂದ ಕಂಡವರು. ಕೆಳಗಿನಿಂದ ಕಂಡವರು ಕಮಲಾಬಾಯಿ ಒಬ್ಬರೇ. ಮುಡಬಿಯಲ್ಲಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ಅವರ ಹೆಸರನ್ನು ಇಲ್ಲಿ ಬರೆಯುವ ಮುಂಚೆ ನಾನು ಫೋನ್ ಮಾಡಿದೆ. 'ಇದ್ದಾರೆ' ಎಂದು ಬರೆದದ್ದು ಅವರ ದನಿ ಕೇಳಿದ ಮೇಲೆ.